ಕೀಡಿ ಡಬ್ಬಿಯ ಕಾಕು

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ವರ್ಷದಲ್ಲಿ ಹನ್ನೊಂದು ತಿಂಗಳು ಹಸಿರಾಗಿರುತ್ತಿತ್ತು. ಬೂದಿಯಿಂದ ತಿಕ್ಕಿದರೂ ಸೀಗೆಪುಡಿಯಿಂದ ತಿಕ್ಕಿದರೂ ಉಗುರಿನ ಸಂದಿಯ ಆ ಬಣ್ಣ ಹೋಗುತ್ತಿರಲಿಲ್ಲ. ಅದು ಎಲೆಯ ಬಣ್ಣವಲ್ಲ. ಎಲೆ ತಿಂದ ಹುಳದ ಬಣ್ಣ. ಬೆಳಗಾಗುತ್ತಲೇ ಹಿತ್ತಲಿಗೆ ಹೋಗಿ ಒಂದೊಂದೇ ಎಲೆ ಮಗುಚಿ ನೋಡುವರು. ಅಡಿಗೆ ಅಂಟಿಕೊಂಡ ಹುಳವನ್ನು ಎರಡು ಬೆರಳಿನಲ್ಲಿ ಹಿಡಿದು ಪಟ್ಟನೆ ಚಿವುಟುವರು. ಸುಮ್ಮನೆ ಕೊಲ್ಲುವ ಜಾಯಮಾನ ಅವರದಲ್ಲ. ಪ್ರತಿಯೊಂದಕ್ಕೂ ಅದರ ಅಪರಾಧವನ್ನು ಓದಿ ಹೇಳಿಯೇ ಶಿಕ್ಷೆ. “ಬೆಂಡಿ ಎಲಿ ರುಚಿ ಹತ್ತಿತೇನು? ತೊಗೋ.” “ಈ ಹೀರಿಬಳ್ಳಿ ನಿಮ್ಮಪ್ಪ ಹಚ್ಚಿದ್ದನೇನು? ತೊಗೋ.” ಹನ್ನೆರಡನೆಯ ತಿಂಗಳು, ಅಂದರೆ ಆಷಾಢದ ಏಕಾದಶಿಯಿಂದ ಶ್ರಾವಣದ ದಶಮಿಯವರೆಗೆ, ಆ ಉಗುರು ಬೆಳ್ಳಗಿರುತ್ತಿತ್ತು. ಅದು ಶಾಕವ್ರತದ ತಿಂಗಳು. ಕಾಯಿಪಲ್ಯ ತಿನ್ನುವಂತಿಲ್ಲ, ಜೀವಹತ್ಯೆ ಮಾಡುವಂತಿಲ್ಲ. ನಾನು ಹೇಳಬೇಕಾಗಿರುವುದು ಆ ಒಂದು ತಿಂಗಳ ಕಥೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯವರಿಗೆ ಗದಗಿನಿಂದ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಅವರು ಸರಕಾರಿ ಕಚೇರಿಯಲ್ಲಿ ಕಾರಕೂನರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಟಗೇರಿಯ ಗದ್ದಲದ ಓಣಿಯಲ್ಲಿ ಬೆಳೆದ ನನಗೆ ಇಪ್ಪತ್ತೊಂದು ವರ್ಷ. ಅಡಿಗೆ ಅರ್ಧ ಬರುತ್ತಿತ್ತು, ಮಾತು ಪೂರಾ ಬರುತ್ತಿತ್ತು. ಗುಡಿಯ ಹಿಂದಿನ ಓಣಿಯಲ್ಲಿ ಒಬ್ಬ ವಿಧವೆ ತಮ್ಮ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಕೊಟ್ಟರು. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಐವತ್ತೈದರ ಆಸುಪಾಸು, ಕಡ್ಡಿಯಂಥ ಮೈ, ಮೂಗಿನ ತುದಿಯಲ್ಲೇ ಕೂತ ಸಿಟ್ಟು. ಮೊದಲ ದಿನವೇ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಬಾಡಿಗೆಯ ಕರಾರು ಹೇಳುವವರಂತೆ ಹೇಳಿದರು. “ನೋಡು ತಂಗಿ, ಜೋರಾಗಿ ರೇಡಿಯೋ ಹಚ್ಚು, ಗಂಡನ ಜೋಡಿ ಜಗಳಾಡು, ನಾ ಏನೂ ಅನ್ನೂದಿಲ್ಲ. ಆದರ ಎಲಿ ಮ್ಯಾಲೆ ಹುಳಾ ಕಂಡು ಸುಮ್ಮನ ಹೋದಿ ಅಂದರ ಮನಿ ಖಾಲಿ ಮಾಡಬೇಕಾಗತದ.”

ಹಿತ್ತಲು ಎಂದರೆ ದೊಡ್ಡದೇನೂ ಅಲ್ಲ. ನಾಲ್ಕು ಪಾತಿ ಬೆಂಡೆ, ಬದನೆ, ರಾಜಗಿರಿ, ಮೆಂತೆ. ಚಪ್ಪರದ ಮೇಲೆ ಹೀರೆಬಳ್ಳಿ. ಒಂದು ನಿಂಬೆ, ಒಂದು ಕರಿಬೇವು. ಮನೆಯ ಒಳಗೂ ಗಿಡಗಳೇ. ತಳ ಒಡೆದ ಹಂಡೆ, ಸೋರುವ ಕೊಡ, ಕಿವಿ ಮುರಿದ ಬೋಗುಣಿ, ಎಲ್ಲದರಲ್ಲೂ ಮಣ್ಣು ತುಂಬಿ ಕಿಟಕಿಯ ಕಟ್ಟೆಯ ಮೇಲೆ ಮಲ್ಲಿಗೆ, ನಂದಬಟ್ಟಲು, ಎಲೆಬಳ್ಳಿ ಹಚ್ಚಿದ್ದರು. ಕುಂಡದ ಗಿಡಕ್ಕೆ ಹುಳ ಬಿದ್ದರೆ ಅವರಿಗೆ ಎರಡು ಪಟ್ಟು ಸಿಟ್ಟು. “ಮನಿ ಒಳಗ ಬಂದು ತಿಂತಾವಂದರ ಇವಕ್ಕ ಎಷ್ಟು ಸೊಕ್ಕು!” ಎಂದು ಕುಂಡವನ್ನು ಬಿಸಿಲಿಗೆ ಎಳೆದು, ಎಲೆ ಎಲೆಗೂ ಸಾಬೂನು ನೀರು ಒರೆಸುವರು. ದೊಡ್ಡ ದಾಳಿಗೆ ಬೇರೆ ಅಸ್ತ್ರಗಳಿದ್ದವು. ಬೇವಿನ ಬೀಜ ಕುಟ್ಟಿ ಇಡೀ ರಾತ್ರಿ ನೆನೆಹಾಕಿ ಸೋಸಿದ ಕಷಾಯ. ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳ್ಳುಳ್ಳಿಯ ಜೊತೆ ಅರೆದ ನೀರು. ಬೆಳ್ಳುಳ್ಳಿ ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಅದನ್ನು ಹಿತ್ತಲ ಕಲ್ಲಿನ ಮೇಲೆ ಅರೆಯುವ ಕೆಲಸ ನನಗೆ ಬಂತು. “ದೇವರಿಗೆ ಬ್ಯಾಡಾಗಿದ್ದು ಹುಳಕ್ಕ ನೈವೇದ್ಯ” ಎಂದು ಮೂಗಿಗೆ ಸೆರಗು ಹಿಡಿದು ದೂರದಿಂದಲೇ ನಗುತ್ತಿದ್ದರು.

ಇನ್ನು ಗೋಡೆಯ ಮಾತು. ಕಾಕುವಿನ ಹಿತ್ತಲಿನ ಪಡುವಣಕ್ಕೆ ಆಳೆತ್ತರದ ಗೋಡೆ. ಗೋಡೆಯಾಚೆ ಕಾಕುವಿನ ಮೈದುನನ ಮನೆ. ಅವರು ಗುಡಿಯ ಪೂಜೆಯವರು, ಊರಿಗೆಲ್ಲ ಆಚಾರ್ಯರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಹಿತ್ತಲ ಬಾವಿ ತಮ್ಮನ ಪಾಲಿಗೆ ಬಂದಿತ್ತು. ಆ ಊರಲ್ಲಿ ಎಲ್ಲಿ ತೋಡಿದರೂ ಸವಳು ನೀರು, ಬೇಳೆ ಬೇಯುವುದಿಲ್ಲ, ಗಿಡ ಏಳುವುದಿಲ್ಲ. ಈ ಬಾವಿಯದು ಮಾತ್ರ ಸಿಹಿನೀರು. ಅದಕ್ಕೇ ಕಾಕುವಿನ ಗಂಡ ಗೋಡೆಯಲ್ಲಿ ಒಂದು ಸಣ್ಣ ಬಾಗಿಲು ಇರಿಸಿ, ಎರಡೂ ಮನೆಗೆ ನೀರು ಎಂದು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದರು. ತಮ್ಮನ ಮಾತಿಗೆ ಕಾಗದ ಯಾಕೆ ಅಂದುಕೊಂಡರು ಪುಣ್ಯಾತ್ಮರು. ಅವರು ತೀರಿಕೊಂಡು ವರ್ಷಾಬ್ದಿಕ ಆಗುವುದರೊಳಗೆ ಆಚಾರ್ಯರು ಆ ಬಾಗಿಲಿಗೆ ಕಲ್ಲು ಮಣ್ಣು ಇಟ್ಟು ಮುಚ್ಚಿಸಿದರು. “ಹೆಣ್ಣುಮಕ್ಕಳು ಹೊತ್ತುಗೊತ್ತಿಲ್ಲದ ಬಂದು ಬಾವಿ ಮೈಲಿಗಿ ಆಗತದ” ಎಂಬುದು ಅವರ ಕಾರಣ. ನಾನು ಹೋಗುವ ಹೊತ್ತಿಗೆ ಕಾಕು ಒಂಬತ್ತು ವರ್ಷಗಳಿಂದ ಓಣಿಯ ನಳದಿಂದ ಕೊಡ ಹೊತ್ತು ಗಿಡ ಬದುಕಿಸುತ್ತಿದ್ದರು. ನೆತ್ತಿಯ ಮೇಲೆ ಕೂದಲು ಸವೆದು ಒಂದು ರೂಪಾಯಿ ಅಗಲ ಬೋಳಾಗಿತ್ತು.

ನನಗೂ ಆಚಾರ್ಯರ ಮೇಲೆ ಸಿಟ್ಟಿತ್ತು. ಬಂದ ಹೊಸತರಲ್ಲಿ, ಇದೆಲ್ಲ ಗೊತ್ತಿಲ್ಲದೆ, ಕೊಡ ಹಿಡಿದು ಅವರ ಮುಂಬಾಗಿಲಿಗೆ ಹೋಗಿ ಒಂದು ಕೊಡ ನೀರು ಕೇಳಿದ್ದೆ. ಅವರು ಜಪಮಣಿ ಎಣಿಸುತ್ತಲೇ, “ಬಾಡಗಿ ಕೊಡೂದು ಆಕಡೆ, ನೀರು ಕೇಳೂದು ಈಕಡೆ. ಭಾಳ ಶಾಣ್ಯಾರಿದ್ದೀರಿ” ಎಂದರು. ಅವರ ಹೆಂಡತಿ ಬಾಗಿಲ ಮರೆಯಲ್ಲಿ ನಿಂತಿದ್ದಳು. ಸಣ್ಣ ಮುಖದ, ಮಾತೇ ಇಲ್ಲದ ಹೆಣ್ಣು. ಮಕ್ಕಳಾಗಿರಲಿಲ್ಲ. ಕಾಕು ಆಕೆಯನ್ನು ಸಣ್ಣಾಕಿ ಎನ್ನುತ್ತಿದ್ದರು, ಅದೂ ಮೂಗು ಮುರಿದು. “ಗಂಡ ಬಾಗಲಾ ಮುಚ್ಚುವಾಗ ಒಂದು ಮಾತು ಆಡಲಿಲ್ಲ ಆಕಿ. ಬಾಯಾಗ ಅವಲಕ್ಕಿ ಇಟಗೊಂಡು ನಿಂತಿದ್ದಳು” ಎಂಬುದು ಅವರ ದೂರು.

ಒಂದೇ ಒಂದು ಸಮಾಧಾನ ಅವರಿಗಿತ್ತು. ಗೋಡೆಯ ಬುಡದ ಬದನೆಯ ಪಾತಿ ಯಾವಾಗಲೂ ಹಸಿಯಾಗಿರುತ್ತಿತ್ತು. ಬೇಸಗೆಯಲ್ಲೂ ಅಲ್ಲಿಯ ಮಣ್ಣು ಕರ್ರಗೆ ತಂಪಾಗಿರುವುದು. ಬೆಳಿಗ್ಗೆ ನೋಡಿದರೆ ಬುಡದ ತೂತಿನಿಂದ ನೀರು ಒಸರಿ ಬಂದಿರುವುದು. ಕಾಕು ಆ ಮಣ್ಣನ್ನು ಮುಟ್ಟಿ ಮುಟ್ಟಿ ನನಗೆ ತೋರಿಸುವರು. “ಅವನು ಬಾಗಲಾ ಮುಚ್ಚಿದ. ಬಾವಿ ಬಾಯಿ ಮುಚ್ಚಲಿಕ್ಕೆ ಆಗಲಿಲ್ಲ. ತಾ ಯಾರದು ಅಂತ ಅದಕ್ಕ ಗೊತ್ತದ.”

ಆ ವರ್ಷ ಆಷಾಢದ ಏಕಾದಶಿ ಬಂತು. ಕಾಕುವಿನ ಅಡಿಗೆಮನೆಯಲ್ಲಿ ಹೆಸರುಬೇಳೆ ತೊವ್ವೆ, ಕಾಳುಮೆಣಸಿನ ಸಾರು. ಮರುದಿನ ಮುಂಜಾನೆ ಹಿತ್ತಲಲ್ಲಿ ನೋಡುತ್ತೇನೆ, ಕಾಕು ಒಂದು ತಗಡಿನ ಡಬ್ಬಿ ಹಿಡಿದು ನಿಂತಿದ್ದಾರೆ. ಎಲೆ ಮಗುಚುತ್ತಾರೆ, ಹುಳವನ್ನು ನೋಯದಂತೆ ಎತ್ತಿ ಡಬ್ಬಿಗೆ ಹಾಕುತ್ತಾರೆ. ಮಳೆ ಬಿದ್ದ ಮೇಲೆ ಹುಳಗಳಿಗೇನು ಬರ? ಬೆಂಡೆ ಎಲೆಯ ಅಡಿಗೆ ಗುಂಪುಗುಂಪು ಹಸಿರು ಹುಳ. ನಿಂಬೆ ಗಿಡದಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿ ಹುಳ; ಬಲಿತದ್ದನ್ನು ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ನಾತ ಬಿಡುತ್ತದೆ. ಹುಳಕ್ಕೆ ಅಲ್ಲಿ ಕೀಡಿ ಎನ್ನುವರು; ಕೀಡಿ ಡಬ್ಬಿ ಅರ್ಧ ತುಂಬಿತು. “ಇವನ್ನ ಏನು ಮಾಡೂದು ಕಾಕು?” ಎಂದೆ. ಅಷ್ಟು ವರ್ಷ ಓಣಿಯಾಚೆಯ ಬೇಲಿಗೆ ಚೆಲ್ಲುತ್ತಿದ್ದವರು ಆ ದಿನ ಗೋಡೆಯ ಬುಡದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಡಬ್ಬಿಯನ್ನು ಗೋಡೆಯಾಚೆ ಕೊಡವಿದರು. ಕೆಳಗಿಳಿದು ಕೈ ಝಾಡಿಸಿ ನನ್ನತ್ತ ನೋಡಿದರು.

“ಕೊಲ್ಲೂದು ಪಾಪ. ಊರು ಬಿಡಸೂದು ಪಾಪ ಅಂತ ಯಾವ ಶಾಸ್ತ್ರದಾಗೂ ಬರದಿಲ್ಲ.”

“ಅವರ ಗಿಡಾ ತಿಂತಾವಲ್ಲರಿ?”

“ತಿನ್ನಲಿ. ನನ್ನ ಬಾವಿ ನೀರು ಕುಡದು ಬೆಳದ ಗಿಡಾ. ನನ್ನ ಹುಳಾ ತಿಂದರ ಏನಾತು?”

ನನಗೆ ನಗು ತಡೆಯಲಿಲ್ಲ. ಜಪಮಣಿಯ ಮೇಲಿನ ಆ ಮುಖ ನೆನಪಾಯಿತು. ಮರುದಿನ ಡಬ್ಬಿ ಹಿಡಿಯುವವಳು ನಾನೇ ಆದೆ. ಒಂದು ದಿನವಲ್ಲ, ಎರಡು ದಿನವಲ್ಲ, ತಿಂಗಳು ಪೂರ್ತಿ. ಕಾಕು ಆರಿಸಿ ಹಾಕುವರು, ನಾನು ಕಲ್ಲು ಹತ್ತಿ ಸುರಿಯುವೆ. ಇದು ಆಚಾರ್ಯರ ಬೆಂಡೆಗೆ, ಇದು ಆಚಾರ್ಯರ ನಿಂಬೆಗೆ ಎಂದು ಗುರಿ ಇಟ್ಟು ಒಗೆಯುವಷ್ಟು ಪಳಗಿದೆ. ಆಚೆ ಕಡೆ ಸೊಂಪಾಗಿ ಬೆಳೆದಿತ್ತು ತೋಟ. ಸಿಹಿನೀರಿನ ತೋಟವಲ್ಲವೇ. ನೋಡಿದಷ್ಟೂ ಹೊಟ್ಟೆ ಉರಿಯುತ್ತಿತ್ತು, ಸುರಿದಷ್ಟೂ ತಂಪಾಗುತ್ತಿತ್ತು.

ಯಾರೂ ನಮ್ಮನ್ನು ಹಿಡಿಯಲಿಲ್ಲ. ಅದಕ್ಕೆ ಕಾರಣವೂ ವ್ರತವೇ. ಕಾಯಿ ಕಂಡರೆ ನಾಲಿಗೆಗೆ ಆಸೆ ಹುಟ್ಟೀತು ಎಂದು ಆಚಾರ್ಯರು ಆ ಒಂದು ತಿಂಗಳು ತಮ್ಮ ಮನೆಯವರು ಪಾತಿಗಳ ಒಳಗೆ ಕಾಲಿಡಕೂಡದೆಂದು ಕಟ್ಟು ಮಾಡಿದ್ದರು. ಸಣ್ಣಾಕಿ ಬಾವಿಯ ಕಟ್ಟೆಯಿಂದಲೇ ನೀರು ಸೇದಿ ಕಾಲುವೆಗೆ ಸುರಿದು, ಗಿಡಗಳ ಕಡೆ ತಿರುಗಿಯೂ ನೋಡದೆ ಒಳಗೆ ಹೋಗುತ್ತಿದ್ದಳು. ಹೀಗೆ ದೇವರ ಹೆಸರಿನಲ್ಲಿ ಅವರು ಕಣ್ಣು ಮುಚ್ಚಿದರು, ದೇವರ ಹೆಸರಿನಲ್ಲಿ ನಾವು ಹುಳ ಸುರಿದೆವು.

ವಾರಕ್ಕೊಮ್ಮೆ ಬೆಳ್ಳಟ್ಟಿಯ ಒಬ್ಬ ರೈತರ ಹೆಣ್ಣುಮಗಳು ಹಿತ್ತಲಿಗೆ ಗೊಬ್ಬರದ ಬುಟ್ಟಿ ತಂದು ಹಾಕುತ್ತಿದ್ದಳು. ಮೂರನೆಯ ವಾರ ಬಂದಾಗ ನನ್ನ ಕೈಯ ಡಬ್ಬಿ ಇಣುಕಿ ನೋಡಿ, ಗೋಡೆಯ ಕಡೆ ನೋಡಿ, ಎಲ್ಲ ತಿಳಿದುಕೊಂಡಳು. ಗೋಡೆಯ ಮೇಲಿಂದ ಕಪ್ಪು ಹಳದಿ ಪಾತರಗಿತ್ತಿಗಳು ಹಾರಿ ಈಚೆ ಬರುತ್ತಿದ್ದವು.

“ಬಾಯಾರ, ಒಗದ ಹುಳಾ ಅಲ್ಲೇ ಸಾಯ್ತಾವಂತ ತಿಳದೀರೇನ್ರಿ? ರೆಕ್ಕಿ ಕಟಗೊಂಡು ತಿರುಗಿ ಬರಾಕತ್ತಾವ ನೋಡ್ರಿ. ಅಲ್ಲೊಂದು ನಿಮ್ಮ ಲಿಂಬಿ ಗಿಡದಾಗ ತತ್ತಿ ಇಡಾಕತ್ತೈತಿ.”

“ಇಡಲಿ ಬಿಡು. ಅವನ ಮನಿ ಉಂಡು ಬಂದಾವಲ್ಲ, ಅಷ್ಟು ಸಾಕು.”

“ಹೊಲದಾಗ ನಾವೂ ಹಿಂಗ ಮಾಡಿದ್ರ ಊರ ಉಳಿತಿದ್ದಿಲ್ಲರಿ. ಬದುವಿನ ಆಚೆ ಒಗದದ್ದು ಬದುವಿನ ಈಚೆ ಬರತೈತಿ. ಹುಳಕ್ಕ ಗಡಿ ಎಲ್ಲೈತಿ?” ಎಂದು ಬುಟ್ಟಿ ಝಾಡಿಸಿ ಹೋದಳು. ಕಾಕು ಕೇಳಿಯೂ ಕೇಳದಂತೆ ಮುಂದಿನ ಎಲೆ ಮಗುಚಿದರು.

ಶ್ರಾವಣದ ದ್ವಾದಶಿ ಬಂತು. ಆ ದಿನ ಮೊದಲು ಕಾಯಿಪಲ್ಯ ದಾನ ಕೊಟ್ಟು, ದೇವರಿಗೆ ನೈವೇದ್ಯ ಮಾಡಿ, ಆಮೇಲೆ ತಿಂಗಳ ಬಾಯಿಕಟ್ಟು ಬಿಚ್ಚುವುದು. ಕಾಕು ಮಡಿಯುಟ್ಟು ಬುಟ್ಟಿ ತುಂಬ ಬೆಂಡೆ, ಹೀರೆ, ಬದನೆ ಹರಿದಿಟ್ಟಿದ್ದರು. ಹೊಳೆಯುವ ನೇರಳೆ ಬದನೆ, ಅವರ ಬಾಯಲ್ಲಿ ಮುಳಗಾಯಿ. ಎಲ್ಲ ಗೋಡೆಯ ಬುಡದ ಪಾತಿಯವು. ಗೋಡೆಯಾಚೆ ಆಚಾರ್ಯರ ಮನೆಗೆ ದಾನ ತೆಗೆದುಕೊಳ್ಳುವ ನಾಲ್ಕೈದು ಜನ ಬಂದು ಕೂತದ್ದು ಮಾತಿನಿಂದ ತಿಳಿಯುತ್ತಿತ್ತು. ಕಾಕು ನನ್ನ ರಟ್ಟೆ ಹಿಡಿದು, “ಈಗ ಕೇಳು” ಎಂದರು. ಇಬ್ಬರೂ ಗೋಡೆಗೆ ಕಿವಿ ಕೊಟ್ಟು ನಿಂತೆವು.

ಆಚಾರ್ಯರು ಬುಟ್ಟಿ ಹಿಡಿದು ಹಿತ್ತಲಿಗೆ ಬಂದರು. ಆಮೇಲೆ ಕೂಗು. ಬೆಂಡೆಯ ಎಲೆಗಳು ಜರಡಿಯಾಗಿದ್ದವು, ಕಾಯಿಗಳಲ್ಲಿ ತೂತು, ನಿಂಬೆ ಬರಿಗಡ್ಡಿ. ಇದನ್ನೆಲ್ಲ ನಾನು ಕಲ್ಲಿನ ಮೇಲಿಂದ ಮೊದಲೇ ಕಣ್ಣಾರೆ ನೋಡಿದ್ದೆ. ಕಾಕು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಸುಖವಾಗಿ ನಕ್ಕದ್ದನ್ನು ಯಾರೂ ಕಂಡಿರಲಿಕ್ಕಿಲ್ಲ.

ಆದರೆ ಆಚಾರ್ಯರು ಹುಳ ಎಲ್ಲಿಂದ ಬಂತೆಂದು ಗೋಡೆಯ ಮೇಲೆ ನೋಡಲಿಲ್ಲ. ನೆಲ ನೋಡಿದರು. ಪಾತಿಯೊಳಗೆ ತಿಂಗಳ ಮೇಲೆ ಮೊದಲ ಸಲ ಕಾಲಿಟ್ಟವರು, ಹುಳ ಎಲೆ ತಿಂದು ಬಯಲಾದ ಕಾಲುವೆಯ ಗುಂಟ ಬಂದು ಗೋಡೆಯ ಬುಡದಲ್ಲಿ ನಿಂತರು. ನಮ್ಮಿಂದ ಒಂದು ಮೊಳ ದೂರ, ನಡುವೆ ಗೋಡೆ ಅಷ್ಟೇ.

“ಇದೇನಿದು? ಕಾಲುವಿಗೆ ಕಲ್ಲಿಟ್ಟು ನೀರು ಆಕಡೆ ತಿರುವಿದವರು ಯಾರು?”

ಹೆಂಡತಿಯ ಬಳೆಯ ಸದ್ದು ಹತ್ತಿರ ಬಂತು.

“ನಿನ್ನನ್ನ ಕೇಳತೀನಿ. ಎಷ್ಟು ದಿನದಿಂದ ನಡದದ ಇದು?”

ಸಣ್ಣಾಕಿಯ ದನಿ ಬಂತು. ನಾನು ಆ ದನಿ ಕೇಳಿದ್ದೇ ಅಂದು ಮೊದಲು. “ಬಾಗಲಾ ಮುಚ್ಚಿದಾಗಿಂದ.”

ಕಾಕುವಿನ ನಗು ಅಲ್ಲಿಗೇ ನಿಂತಿತು. ಅವರು ಬದನೆಯ ಪಾತಿಯ ಹಸಿ ಮಣ್ಣು ನೋಡಿದರು, ತೂತು ನೋಡಿದರು, ಹಾಗೆಯೇ ನೆಲದ ಮೇಲೆ ಕುಸಿದು ಕೂತರು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಆ ನೀರನ್ನು ಬಾವಿ ಕಳಿಸಿರಲಿಲ್ಲ.

ಆಚೆ ಆಚಾರ್ಯರ ದನಿ ಏರಿತು. “ನನ್ನ ಗಿಡದ ನೀರು ಆಕಿಗೆ ಹರಿಸಿದಿ. ನನ್ನ ಗಿಡಾ ಕೀಡಿಗೆ ಕೊಟ್ಟಿ. ಬಂದವರ ಮುಂದ ಖಾಲಿ ಬುಟ್ಟಿ ಹಿಡಕೊಂಡು ನಿಲ್ಲಿಸಿದಿ. ಇವತ್ತ ಗಂಟು ಕಟ್ಟು. ಹಿರೇವಡ್ಡಟ್ಟಿಗೆ ನಿಮ್ಮಣ್ಣನ ಮನಿಗೆ ನಡಿ.” ಹಿರೇವಡ್ಡಟ್ಟಿಯ ಅಣ್ಣನಿಗೆ ಐದು ಹೆಣ್ಣುಮಕ್ಕಳು, ಒಂದು ಕೋಣೆಯ ಮನೆ. ಅಲ್ಲಿ ಆಕೆಗೆ ಜಾಗವಿಲ್ಲವೆಂಬುದು ಎರಡೂ ಮನೆಗೆ ಗೊತ್ತಿತ್ತು.

ಕಾಕು ಎದ್ದರು. ಮಣ್ಣಾದ ಮಡಿಸೀರೆಯನ್ನು ಬದಲಿಸಲೂ ಇಲ್ಲ. ದಾನದ ಬುಟ್ಟಿಯನ್ನು ಸೊಂಟಕ್ಕೆ ಏರಿಸಿ, ಇನ್ನೊಂದು ಕೈಯಲ್ಲಿ ಕೀಡಿ ಡಬ್ಬಿ ಹಿಡಿದು, ಓಣಿ ಸುತ್ತಿ ಮೈದುನನ ಮುಂಬಾಗಿಲಿಗೆ ಹೋದರು. ಒಂಬತ್ತು ವರ್ಷದಲ್ಲಿ ಆ ಹೊಸ್ತಿಲು ತುಳಿದವರಲ್ಲ. ನಾನು ಹಿಂದೆಯೇ ಓಡಿದೆ, ಬಾಗಿಲಿನ ಹೊರಗೇ ನಿಂತೆ. ಪಡಸಾಲೆಯಲ್ಲಿ ಕೂತವರೆಲ್ಲ ತಲೆಯೆತ್ತಿದರು. ಸಣ್ಣಾಕಿ ಕಂಬಕ್ಕೆ ಒರಗಿ ನಿಂತಿದ್ದಳು.

“ಹುಳಾ ಹಾಕಿದಾಕಿ ನಾನು,” ಎಂದರು ಕಾಕು. ಡಬ್ಬಿಯನ್ನು ಆಚಾರ್ಯರ ಮುಂದೆ ಕುಕ್ಕಿದರು. “ಮೂವತ್ತು ದಿನಾ, ದಿನಕ್ಕೊಂದು ಡಬ್ಬಿ. ನಿನ್ನ ಮ್ಯಾಲಿನ ಸಿಟ್ಟಿಗೆ ಹಾಕೀನಿ. ಆಕಿದೇನೂ ತಪ್ಪಿಲ್ಲ.”

“ವೈನಿ! ವ್ರತದಾಗ ಇಂಥಾ ಕೆಲಸಾ?” ಆಚಾರ್ಯರು ಅತ್ತಿಗೆಯ ಮೇಲೆ ದನಿಯೇರಿಸಿದರು.

“ಹೌದು, ವ್ರತದಾಗ. ಕೊಲ್ಲಬಾರದಂತ ಕೊಲ್ಲಲಿಲ್ಲ. ಕೊಂದಿದ್ದರ ಛಲೋ ಇತ್ತು. ಹುಳಾ ಬದುಕಿಸಿ ಈಕಿ ಅನ್ನಕ್ಕ ಕಲ್ಲು ಹಾಕಿದೆ. ಆ ಪಾಪ ನಂದು, ದೇವರ ಮುಂದ ನಾ ನೋಡ್ಕೋತೀನಿ. ನಿನ್ನ ಪಾಪದ ಮಾತು ತಗೀಲೇನು, ಇಷ್ಟು ಮಂದಿ ಕೂತಾರಲ್ಲ?”

ಕೂತವರಲ್ಲಿ ಒಬ್ಬ ಮುದುಕರು, ನ್ಯಾಯ ಹೇಳುವ ಚಟದವರು, “ಇದು ಒಬ್ಬರು ಮಾಡೂ ಕೆಲಸಲ್ಲ. ಜೋಡಿ ಯಾರಿದ್ದರು?” ಎಂದು ಕೇಳಿದರು. ಸುರಿದವಳು ನಾನು. ಗುರಿ ಇಟ್ಟವಳು ನಾನು. ಒಂದು ಹೆಜ್ಜೆ ಒಳಗಿಟ್ಟು ಹೇಳಬೇಕಾಗಿತ್ತು. ಗಂಡನಿಗೆ ತಿಳಿದರೆ, ಊರೆಲ್ಲ ಆಡಿಕೊಂಡರೆ ಎಂದು ಬಾಗಿಲಿನ ಚೌಕಟ್ಟು ಹಿಡಿದು ನಿಂತೇ ಇದ್ದೆ. ಕಾಕು ಹಿಂದಿರುಗಿ ನೋಡಲಿಲ್ಲ.

“ನಾ ಒಬ್ಬಾಕೀನ. ಕೀಡಿ ಹಿಡೀಲಿಕ್ಕೆ ದಂಡು ಬೇಕೇನು?”

ಆಮೇಲೆ ಮೈದುನನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ ಹೇಳಿದರು. “ಈಕಿ ಈ ಹೊಸ್ತಿಲಾ ದಾಟಿ ಹೋದಳಂದರ, ನಾ ನಿನ್ನ ಗುಡಿ ಕಟ್ಟಿ ಮ್ಯಾಲೆ ಬಂದು ಕೂಡತೀನಿ. ಬಂದ ಭಕ್ತರಿಗೆಲ್ಲಾ ಬಾವಿ ಕಥಿ ಹೇಳತೀನಿ. ನನಗೇನು, ದಿನಾ ಪುರಸೊತ್ತದ. ಮತ್ತ ಆ ತೂತಿಗೆ ಮಣ್ಣು ಬಿದ್ದರೂ ಅದೇ ಮಾತು.” ಸೊಂಟದ ಬುಟ್ಟಿಯನ್ನು ಇಳಿಸಿ ಸಣ್ಣಾಕಿಯ ಕಾಲ ಬಳಿ ಇಟ್ಟರು. “ತೊಗೋ. ನಿನ್ನ ನೀರಾಗ ಬೆಳದ ಮುಳಗಾಯಿ. ದಾನಾ ಕೊಡು.” ಸಣ್ಣಾಕಿ ಅಳಲಿಲ್ಲ. ಬುಟ್ಟಿ ಎತ್ತಿಕೊಂಡು ಗಂಡನ ಕೈಗೆ ಕೊಡದೆ ತಾನೇ ಒಬ್ಬೊಬ್ಬರ ಮುಂದೆ ಕಾಯಿ ಇಡುತ್ತ ಹೋದಳು.

ಆಕೆ ಮನೆಯಲ್ಲೇ ಉಳಿದಳು. ತೂತೂ ಉಳಿಯಿತು. ಬಾಗಿಲು ಮಾತ್ರ ತೆರೆಯಲಿಲ್ಲ. ಆಚಾರ್ಯರು ಹೆದರಿದ್ದರು, ಬದಲಾಗಿರಲಿಲ್ಲ.

ಸಂಜೆ ನಾನು ಕಾಕುವಿನ ಮುಂದೆ ಕೂತು ಅತ್ತೆ. ಹೋಗಿ ಹೇಳಿಬಿಡುತ್ತೇನೆ ಎಂದೆ. ಅವರು ತುಳಸಿಕಟ್ಟೆಗೆ ಒರಗಿ ಬತ್ತಿ ಹೊಸೆಯುತ್ತಿದ್ದರು. “ನಿನ್ನ ಹೆಸರು ಹೇಳಿ ನನಗೇನು ಬರೂದದ? ನೀ ನಾಳೆ ವರ್ಗ ಆಗಿ ಹೋಗಾಕಿ. ಹೋದಲ್ಲೆಲ್ಲಾ ಈ ಮಾತು ನಿನ್ನ ಬೆನ್ನು ಹತ್ತಬಾರದು” ಎಂದರು. ಬತ್ತಿ ಬದಿಗಿಟ್ಟು, “ಸಿಟ್ಟು ಮಾಡೂದು ತಪ್ಪಲ್ಲ ತಂಗಿ. ಯಾರ ಮ್ಯಾಲೆ ಬೀಳತದ ನೋಡಿ ಒಗೀಬೇಕು. ನಾ ನೋಡಲಾರದ ಒಗದೆ” ಎಂದರು. ಸಮಾಧಾನ ಹೇಳುವ ದನಿ ಅದಾಗಿರಲಿಲ್ಲ. ತಮ್ಮ ಮೇಲೆಯೇ ಹಲ್ಲು ಕಡಿಯುತ್ತಿದ್ದರು.

ಭಾದ್ರಪದದಲ್ಲಿ ಬೆಳ್ಳಟ್ಟಿಯವಳ ಮಾತು ನಿಜವಾಯಿತು. ಆಚೆ ಉಂಡು ರೆಕ್ಕೆ ಕಟ್ಟಿಕೊಂಡವು ಈಚೆ ಬಂದು ಮೊಟ್ಟೆಯಿಟ್ಟಿದ್ದವು. ಎರಡೂ ಹಿತ್ತಲು ಒಟ್ಟಿಗೇ ಹುಳದ ಬಾಯಿಗೆ ಬಿದ್ದವು. ಆಗ ನಡೆದ ಯುದ್ಧ ನನಗೆ ಇವತ್ತಿಗೂ ನೆನಪಿದೆ. ಆಚೆ ಸಣ್ಣಾಕಿ, ಈಚೆ ಕಾಕು ಮತ್ತು ನಾನು. ಬೇವಿನ ಕಷಾಯದ ಕೊಡವನ್ನು ಗೋಡೆಯ ಮೇಲಿಂದ ದಾಟಿಸುವೆವು, ಕುಂಚದಿಂದ ಎಲೆಯ ಅಡಿಗೆಲ್ಲ ಸಿಂಪಡಿಸುವೆವು. “ಅಕ್ಕಾ, ಇಲ್ಲೊಂದು ದೊಡ್ಡದದ!” ಎಂದು ಆಚೆಯಿಂದ ಕೂಗು ಬರುವುದು. “ಕೇಳಬ್ಯಾಡ, ಚೂಟು!” ಎಂದು ಈಚೆಯಿಂದ ಅಪ್ಪಣೆ ಹೋಗುವುದು. ಬಾಯಲ್ಲಿ ಮಾತೇ ಇಲ್ಲದ ಆ ಹೆಣ್ಣು ಹುಳಕ್ಕೆ ಬಯ್ಯುವುದನ್ನು ಕೇಳಬೇಕಿತ್ತು. ಕೆಲವು ಬೈಗುಳಗಳು ಹುಳಕ್ಕೆ ಸಂಬಂಧಿಸಿದವಲ್ಲ ಎಂದು ನನಗೆ ಅನುಮಾನ. ಒಳಗೆ ಕೂತ ಆಚಾರ್ಯರಿಗೂ ಅದೇ ಅನುಮಾನ ಬಂದಿರಬೇಕು. ಆ ಹೊತ್ತಿನಲ್ಲಿ ಅವರ ಮಂತ್ರ ಸ್ವಲ್ಪ ಜೋರಾಗುತ್ತಿತ್ತು.

ಮರುವರ್ಷ ಆಷಾಢದಲ್ಲಿ ಕಾಕು ತೊವ್ವೆಯನ್ನೇ ಉಂಡರು, ಕಾಯಿಪಲ್ಯ ಮುಟ್ಟಲಿಲ್ಲ. ಆದರೆ ಹುಳವನ್ನು ಡಬ್ಬಿಗೆ ಹಾಕಲಿಲ್ಲ, ಸಿಕ್ಕಲ್ಲೇ ಚಿವುಟಿದರು. “ಹಿಂಸಾ ನನ್ನ ಹಿತ್ತಲದಾಗ ಮುಗೀಲಿ. ದೇವರು ಕೇಳಿದರ ಉತ್ತರ ಅದ ನನ್ನ ಕಡೆ” ಎಂದರು. ಆಮೇಲೆ ಅವರ ಉಗುರು ಹನ್ನೆರಡು ತಿಂಗಳೂ ಹಸಿರೇ.

ಎರಡು ವರ್ಷದ ಮೇಲೆ ನಮಗೆ ಗದಗಿಗೆ ವರ್ಗವಾಯಿತು. ಹೊರಡುವಾಗ ಕಾಕು ಒಡಕು ಬೋಗುಣಿಯ ನಂದಬಟ್ಟಲನ್ನು ನನ್ನ ಮಡಿಲಿಗೆ ಇಟ್ಟು, “ಮಂದಿಗೆ ಹೆದರು, ಹುಳಕ್ಕ ಹೆದರಬ್ಯಾಡ” ಎಂದರು. ನನ್ನ ಹಳೆಯ ಹೇಡಿತನವನ್ನು ಚುಚ್ಚಿದ್ದು ಅದು. ನಗುತ್ತಲೇ ಚುಚ್ಚಿದರು. ಆಗಾಗ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಅವರ ತಲೆಯ ಮೇಲೆ ಕೊಡವಿರುತ್ತಿತ್ತು. ಸೋತ ಕಾಲಿನಲ್ಲಿ ಅಷ್ಟು ದೂರದಿಂದ ನೀರು ಯಾಕೆ, ಒಮ್ಮೆ ಕೇಳಿ ನೋಡಿ ಎಂದರೆ, “ಕೇಳಿ ತೊಗೊಂಡರ ಅದು ದಾನ ಆಗತದ. ಅದು ನನ್ನ ಪಾಲು” ಎನ್ನುವರು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ಕಾರ್ಡು ಬಂತು. ಸಣ್ಣಾಕಿಯ ಅಕ್ಷರ. ಕಾಕು ನಾಲ್ಕು ದಿನದ ಜ್ವರದಲ್ಲಿ ಹೋಗಿದ್ದರು. ಕಾರ್ಡು ತಡವಾಗಿ ಸೇರಿತ್ತು. ಹದಿಮೂರನೆಯ ದಿನಕ್ಕೆ ಬಸ್ಸು ಹಿಡಿದು ಹೋದೆ. ಕರ್ಮಕ್ಕೆ ಕೂತವರು ಆಚಾರ್ಯರೇ. ಮಕ್ಕಳಿಲ್ಲದ ಅತ್ತಿಗೆಗೆ ಬೇರೆ ಯಾರು? ಸಮಾರಾಧನೆಯ ಪಂಕ್ತಿ ಕಾಕುವಿನ ಮನೆಯ ಪಡಸಾಲೆಯಲ್ಲಿತ್ತು. ಕೈ ತೊಳೆಯಲು ಹಿತ್ತಲಿಗೆ ಹೋದವಳು ಅಲ್ಲಿಯೇ ನಿಂತುಬಿಟ್ಟೆ. ಗೋಡೆಯ ಬಾಗಿಲು ತೆರೆದಿತ್ತು. ಕಲ್ಲುಗಳನ್ನು ಕಿತ್ತು ಪಕ್ಕಕ್ಕೆ ಒಟ್ಟಿದ್ದರು, ಮಣ್ಣು ಇನ್ನೂ ಹಸಿಯಾಗಿತ್ತು. ಎರಡೂ ಕಡೆ ಈಗ ಅವರದೇ. ಅಡಿಗೆಯವರು ಬಾವಿಯಿಂದ ನೀರು ಸೇದಿ ಆ ಬಾಗಿಲಿನಿಂದ ಸಲೀಸಾಗಿ ತರುತ್ತಿದ್ದರು. ಹದಿನೈದು ವರ್ಷಕ್ಕೂ ಮೇಲೆ ಒಬ್ಬ ಹೆಂಗಸಿಗೆ ತೆರೆಯದ ಬಾಗಿಲು, ಆಕೆ ಸತ್ತು ಹದಿಮೂರು ದಿನ ತುಂಬುವ ಮೊದಲು ಸಾರಿನ ಹಂಡೆಗೆ ತೆರೆದಿತ್ತು.

ಒಳಗೆ ಬಂದರೆ ಎಲೆ ಹಾಕಿ ಅನ್ನ ಬಡಿಸಿದ್ದರು. ಆಚಾರ್ಯರು ನಡುವೆ ನಿಂತು ಕಣ್ಣೊರೆಸಿಕೊಂಡು ಮಾತಾಡುತ್ತಿದ್ದರು. “ನಮ್ಮ ವೈನಿ ನನಗ ತಾಯಿ ಸಮಾನ. ಇಷ್ಟು ವರ್ಷದಾಗ ನಮ್ಮ ನಡುವ ಎರಡು ಮಾತು ಬಂದಿಲ್ಲ. ಈ ಬಾವಿ ನೀರಂದರ ಅವರಿಗೆ ಜೀವ.” ಅಡಿಗೆಮನೆಯ ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಕೈಮಾಡಿದರು. “ಬೇಕಾದರ ಇವರನ್ನ ಕೇಳ್ರಿ. ಇದೇ ಮನಿಯಾಗ ಬಾಡಗಿ ಇದ್ದರು.”

ಎಲ್ಲರೂ ನನ್ನ ಕಡೆ ತಿರುಗಿದರು. ಅಂದು ಚೌಕಟ್ಟು ಹಿಡಿದು ನಿಂತಿದ್ದೆನಲ್ಲ, ಈ ಸಲ ಹಿಡಿಯಲಿಲ್ಲ.

“ಕಾಕು ಈ ಬಾವಿ ನೀರು ಒಂದು ತಂಬಿಗಿ ತುಂಬಿಕೊಂಡದ್ದು ನಾ ನೋಡಿಲ್ಲರಿ. ನೀವು ಆ ಬಾಗಲಾ ಕಲ್ಲಿಟ್ಟು ಮುಚ್ಚಿದ್ರಿ. ಅವರು ಸಾಯೂತನಕಾ ನಳದಿಂದ ಹೊತ್ತರು. ಅವರು ನಿಮ್ಮ ತೋಟಕ್ಕ ಹುಳಾ ಹಾಕಿದ್ದು ಅದಕ್ಕ. ಜೋಡಿ ಯಾರಿದ್ದರು ಅಂತ ಅವತ್ತು ನಿಮ್ಮ ಪಡಸಾಲ್ಯಾಗ ಕೇಳಿದ್ದರು. ನಾ ಇದ್ದೆ. ಡಬ್ಬಿ ಸುರದಾಕಿ ನಾನ.”

ಪಂಕ್ತಿಯಲ್ಲಿ ಕೈಗಳು ನಿಂತವು. ಆಚಾರ್ಯರು ಮುಗುಳ್ನಗಲು ನೋಡಿದರು. “ಊಟದ ಹೊತ್ತಿನಾಗ ಹಳೇದೆಲ್ಲಾ ಯಾಕ? ವೈನಿ ಇದ್ದಿದ್ದರ ಇಂಥಾ ಮಾತು ಆಡಗೊಡತಿದ್ದಿಲ್ಲ.”

“ವೈನಿ ಇದ್ದಾಗ ನೀವು ಆ ಬಾಗಲಾ ತಗೀಲಿಲ್ಲಲ್ಲರಿ” ಎಂದೆ.

ಯಾರೋ ಒಬ್ಬರು ಸಾರು ಕೇಳಿದರು. ಮತ್ತೆ ಬಡಿಸುವ ಗದ್ದಲ ಶುರುವಾಯಿತು. ನಾನು ಉಣ್ಣಲಿಲ್ಲ, ಚಪ್ಪಲಿ ಮೆಟ್ಟಿ ಹೊರಟೆ. ಕ್ಷಮಿಸುವುದು ದೊಡ್ಡ ಗುಣ ಎನ್ನುತ್ತಾರೆ. ಕಾಕುವಿಗೆ ಅದು ಬರುತ್ತಿರಲಿಲ್ಲ, ಅವರಿಂದ ಕಲಿತ ನನಗೂ ಬರಲಿಲ್ಲ. ಓಣಿಯ ತಿರುವಿನವರೆಗೆ ಬಂದಾಗ ಹಿಂದಿನಿಂದ ಯಾರೋ ಓಡಿಬರುವ ಸದ್ದಾಯಿತು. ಸಣ್ಣಾಕಿ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಇನ್ನೂ ಸಾರಿನ ಸೌಟು. ಬಯ್ಯಲು ಬಂದಳೋ ಏನೋ ಎಂದು ನಿಂತೆ. ನನ್ನ ರಟ್ಟೆ ಹಿಡಿದು, ಏದುಸಿರು ಬಿಡುತ್ತ ಹೇಳಿದಳು:

“ಇನ್ನೂ ಸ್ವಲ್ಪ ಜೋರಾಗಿ ಹೇಳಬೇಕಿತ್ತು ತಂಗಿ. ಕಡೀ ಪಂಕ್ತಿಯವರಿಗೆ ಕೇಳಸಲಿಲ್ಲ.”